ಬೆಂಕಿ ಕಾಣದ ಪಕ್ಕೆಲುಬು

“ಬೆಂಕೀನೇ ಕಾಣದ ಅಂದಿ ಬಾಡಲ್ಲಿ ಒಗೆ ವಾಸ್ನೆ ಎಲ್ಲಿಂದ ಬಂತು, ಅಳಿಮಯ್ಯ?”

ಮಾಂಸದ ಹೊಗೆವಾಸನೆಯ ಬಗ್ಗೆ ನನ್ನ ಅತ್ತೆ ಚಿಕ್ಕಬಸಮ್ಮನವರು ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ನರಸೀಪುರದ ಮಕ್ಕಳಿಗೆ ವಿಜ್ಞಾನ ಬೋಧಿಸುತ್ತಿರುವವನಿಗೆ ಇದು ಸಣ್ಣ ಅವಮಾನವಲ್ಲ. ಆದ್ದರಿಂದ ಉತ್ತರವೊಂದನ್ನು ಸೃಷ್ಟಿಸಿದೆ.

“ಬೆಲ್ಲಕ್ಕೂ ಮಾಂಸಕ್ಕೂ ನಡೆಯುವ ರಾಸಾಯನಿಕ ಕ್ರಿಯೆ, ಅತ್ತೆ.”

“ಇರಬೋದು, ಇರಬೋದು,” ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು.

ಮೂಲಕ್ಕೆ ಬರುತ್ತೇನೆ. ನಾನು ಆಸೆಪಟ್ಟು ತಂದ ಒವನ್ ಎರಡು ವರ್ಷಗಳಿಂದ ನನ್ನ ಹೆಂಡತಿ ಶಾಲಿನಿಯ ಸಂಡಿಗೆ ಡಬ್ಬಗಳ ಉಗ್ರಾಣವಾಗಿತ್ತು. (ಶಾಖಯಂತ್ರವೊಂದಕ್ಕೆ ಇದಕ್ಕಿಂತ ಹೀನಾಯವಾದ ಗತಿ ನನಗೆ ತಿಳಿದಿಲ್ಲ.) ಕಡೆಗೆ ಅವಳು ಅಂತಿಮ ಶಾಸನ ಹೊರಡಿಸಿದಳು.

“ಭಾನುವಾರ ನಂಜನಗೂಡಿಂದ ನನ್ನ ತಮ್ಮ ಕಿರಣ ಊಟಕ್ಕೆ ಬತ್ತಾನೆ. ಅವನು ತಿನ್ನೋ ಹಂಗೆ ಏನಾದ್ರೂ ಇದರಲ್ಲಿ ಮಾಡಿ. ಇಲ್ಲಾಂದ್ರೆ ಸಂಜೆಗೆ ಗುಜರಿ.”

ಹಂದಿಯ ಪಕ್ಕೆಲುಬಿನ ಬಾರ್ಬೆಕ್ಯೂ ಮಾಡುವುದಾಗಿ ಘೋಷಿಸಿದೆ. ನಮ್ಮೊಡನೆಯೇ ಇದ್ದ ಅತ್ತೆ ಅಡ್ಡ ಬಂದರು.

“ಅಂದಿ ಬಾಡು ಅಡುಗೆಮನೆಗೆ ಬಂದ್ರೆ ನಾನು ನಮ್ಮೂರು ಮೂಗೂರಿಗೆ ಬಸ್ ಅತ್ತೀನಿ. ಅದನ್ನ ಇತ್ತಲಲ್ಲಿ ಬೇರೆ ಮಡಕೇಲಿ ಬೇಯಿಸ್ಬೇಕು. ನಾನಂತೂ ಇದುವರ್ಗೂ ಮುಟ್ಟಿದೋಳಲ್ಲ.”

“ಅತ್ತೆ, ಇದು ಒಲೆಯಲ್ಲ, ಒವನ್.”

“ಒಲೆಗೆ ಒವನ್ ಅಂದ್ಬುಟ್ರೆ ಅಂದಿ ಮೊಲ ಆಗೋಯ್ತದಾ?”

ವಿಜ್ಞಾನ ಸೋತಿತು. ಒವನ್ನನ್ನು ಹಿತ್ತಲ ಜಗಲಿಗೆ, ಬಚ್ಚಲೊಲೆಯ ಪಕ್ಕಕ್ಕೆ ಸಾಗಿಸಿ, ಉದ್ದನೆಯ ವೈರು ಎಳೆದೆ. ಬೆಲ್ಲ, ಹುಣಿಸೆ, ಬ್ಯಾಡಗಿ ಮೆಣಸಿನಕಾಯಿಯ ಲೇಪದಲ್ಲಿ ರಾತ್ರಿಯಿಡೀ ನೆನೆದ ಪಕ್ಕೆಲುಬುಗಳನ್ನು ಹತ್ತು ಗಂಟೆಗೆ ಒಳಗಿಟ್ಟು ಗುಂಡಿ ತಿರುಗಿಸಿದೆ. ಗಾಜಿನ ಹಿಂದೆ ಹೊಂಬೆಳಕು ಮೂಡಿದ್ದು ಕಂಡು ಮನಸ್ಸು ತುಂಬಿತು.

“ಮೂರು ಗಂಟೆ ಯಾರೂ ಬಾಗಿಲು ತೆಗೆಯಕೂಡದು,” ಎಂದು ವಿಧಿಸಿ, ಅತ್ತೆಯನ್ನೇ ಕಾವಲಿಗೆ ಕೂರಿಸಿ, ಮುಂದಿನ ಕೋಣೆಯಲ್ಲಿ ಕಿರಣನಿಗೆ ಮಂದ ಶಾಖದ ಮಹಿಮೆಯನ್ನು ವಿವರಿಸತೊಡಗಿದೆ.

“ಭಾವ, ಇನ್ನೂ ಎಷ್ಟೊತ್ತು?”

“ಮಾಂಸವೇ?”

“ಪಾಠ.”

ಒಂದು ಗಂಟೆಗೆ ಹಿತ್ತಲಿಗೆ ಹೋದರೆ, ಪಕ್ಕೆಲುಬುಗಳು ಆಗಲೇ ತಟ್ಟೆಯಲ್ಲಿದ್ದವು! ಅತ್ತೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು.

“ಬಾಗಿಲು ತೆಗೆಯಬೇಡಿ ಎಂದಿರಲಿಲ್ಲವೇ ಅತ್ತೆ? ಅದೂ ಅಲ್ಲದೆ ಬೆಳಿಗ್ಗೆ ಸ್ನಾನವಾಗಿತ್ತಲ್ಲ. ಪಕ್ಕದಲ್ಲಿ ಕೂತ ಮಾತ್ರಕ್ಕೆ ಮೈಲಿಗೆಯೇ?”

“ಸೆಕೆ ಕಣಪ್ಪ,” ಎಂದರು.

ಮೌಢ್ಯದ ವಿರುದ್ಧ ಐದು ನಿಮಿಷ ಮಾತನಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕಿರಣ ಮಾತ್ರ ಕೇಳಿಸಿಕೊಳ್ಳದೆ ಆರು ಮೂಳೆಗಳನ್ನು ಬೆಳ್ಳಗಾಗುವಂತೆ ಚೀಪಿದ. ಒವನ್ ಗುಜರಿಯಿಂದ ಪಾರಾಯಿತು. ಅತ್ತೆ ಆ ಹೊಗೆವಾಸನೆಯ ಪ್ರಶ್ನೆ ಕೇಳಿದ್ದು ಆಗ.

ಮರುಪ್ರಯೋಗದಲ್ಲಿ ನಿಲ್ಲದ ಫಲಿತಾಂಶ ಫಲಿತಾಂಶವೇ ಅಲ್ಲ ಎಂದು ನಂಬಿದವನು ನಾನು. ನಾಲ್ಕು ವರ್ಷಗಳಲ್ಲಿ ಒಂಬತ್ತು ಬಾರಿ ಮಾಡಿದೆ. (ಪ್ರತಿ ಸಲವೂ, “ನಿಮ್ಮ ಕೈಯೆಲ್ಲ ಎಣ್ಣೆ” ಎಂದು ಗುಂಡಿಯನ್ನು ಶಾಲಿನಿಯೇ ತಿರುಗಿಸುತ್ತಿದ್ದಳು.) ಮಾಂಸ ಬೇಯುತ್ತಿತ್ತು, ಆ ಹೊಗೆಯ ಪರಿಮಳ ಮಾತ್ರ ಬರಲಿಲ್ಲ. ಹಂದಿಯ ಆಹಾರವನ್ನು ಶಂಕಿಸಿದೆ, ವೋಲ್ಟೇಜನ್ನು ಶಪಿಸಿದೆ, ಮಾಂಸದಂಗಡಿಯವನೊಡನೆ ಮಾತು ಬಿಟ್ಟೆ. ಯಂತ್ರದ ಗುಣ ಕುಸಿದುದೇಕೆಂದು ಕಂಪನಿಗೆ ಮೂರು ಖಾರವಾದ ಪತ್ರಗಳನ್ನು ಬರೆದೆ. ಉತ್ತರ ಕೊಡುವ ಸೌಜನ್ಯವೂ ಅವರಿಗಿರಲಿಲ್ಲ.

ಕಳೆದ ತಿಂಗಳು ಅತ್ತೆ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮೂಗೂರಿನಿಂದ ಹಿಂದಿರುಗಿದ ಮೇಲೆ, ನಾನು ನಾಲ್ಕನೆಯ ಪತ್ರಕ್ಕೆ ಕುಳಿತಿದ್ದಾಗ ಶಾಲಿನಿ ಪೆನ್ನು ಕಿತ್ತಿಟ್ಟಳು.

“ಸಾಕು ಬಿಡಿ. ನೀವು ಆ ಮೊದಲ್ನೇ ಸಲ ಹಾಕಿದ್ದು ಬರೀ ಒಳಗಿನ ಲೈಟು, ಕಾವಲ್ಲ. ಅವ್ವ ಮುಟ್ಟಿ ನೋಡಿದ್ರೆ ಬಾಗಿಲು ತಣ್ಣಗಿತ್ತಂತೆ. ಬಚ್ಚಲೊಲೇಲಿ ತೆಂಗಿನ ಚಿಪ್ಪಿನ ಕೆಂಡ ಇತ್ತಲ್ಲ, ಅದರ ಮೇಲೆ ಸುಟ್ಟದ್ದು. ನಿಮ್ಗೆ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು.”

ಪತ್ರವನ್ನು ಮಡಚಿಟ್ಟು ಕೇಳಿದೆ. “ಕೆಂಡದ ಮೇಲೆ ಮಗುಚಿ ಹಾಕಿದವರು ಯಾರು? ನೀನೇ?”

“ನಾನು ಪೇಟೆಗೆ ಹೋಗಿದ್ದೆ. ಅವ್ವನೇ, ಬರೀ ಕೈಯಲ್ಲಿ. ಅದಕ್ಕೇ ಆ ಎರಡನೇ ಸ್ನಾನ.”