ಒಂದೇ ಒಂದು ಮೂಟೆ ಅರಳೆ

ರಜದ ಮೇಲೆ ಹೋಗುವವನು ತಾನಿಲ್ಲದಾಗ ಕಾರ್ಖಾನೆಯ ಗತಿ ಏನು ಎಂದು ಯೋಚಿಸಬಾರದು. ಪ್ಲಾನಪ್ಪ ಯೋಚಿಸಿದ, ಕೆಟ್ಟ.

ಹಾಸಿಗೆ, ದಿಂಬು ಮಾಡುವ ಕಾರ್ಖಾನೆ ಅದು. ಯಾವ ಮಷೀನು ಯಾವಾಗ ಏನು ಹೊಲಿಯಬೇಕು, ಯಾವ ಲಾರಿ ಯಾವ ಹೊತ್ತಿಗೆ ಬರಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ಬಾಗಿಲ ಮೇಲೆ ‘ಉತ್ಪಾದನಾ ಯೋಜನಾಧಿಕಾರಿ’ ಎಂಬ ಬೋರ್ಡಿತ್ತು. ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ಎಲ್ಲರೂ ಪ್ಲಾನಪ್ಪ ಎನ್ನುತ್ತಿದ್ದರು. ಸಾಮಾನು ಬೇಕಾದಾಗಲೇ ಬರಬೇಕು, ಗೋಡೌನಿನಲ್ಲಿ ಬಿದ್ದುಕೊಂಡ ಸಾಮಾನು ಬಂದು ಠಿಕಾಣಿ ಹೂಡಿದ ನೆಂಟನಿದ್ದಂತೆ ಎಂಬುದು ಅವನ ಸಿದ್ಧಾಂತ. ಯಜಮಾನರಿಗೆ ಅದು ಹಿಡಿಸಿ, “ಇವತ್ತು ಸಂಜೆ ನಾನು ಬರೋ ಹೊತ್ತಿಗೆ ಗೋಡೌನ್ ಖಾಲಿ ಇದ್ರೆ ನಿನ್ನ ರಜಕ್ಕೆ ಸೈನ್ ಹಾಕ್ತೀನಿ, ಇಲ್ದಿದ್ರೆ ಇಲ್ಲ” ಎಂದುಬಿಟ್ಟಿದ್ದರು.

“ಸಂಜೆ ಆರಕ್ಕೆ ಬಸ್ಸು,” ಎಂದು ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು. “ಮದುವೆಯಾದಾಗಿಂದ ಸಮುದ್ರ ಸಮುದ್ರ ಅಂತ ಬಡ್ಕೊಳ್ತಾ ಇದೀನಿ. ಎರಡು ಸಲ ಟಿಕೆಟ್ ಹಾಳಾಯ್ತು. ಈ ಸಲ ನೀವು ಬರದಿದ್ರೆ ನಾನೊಬ್ಳೇ ಹೋಗ್ತೀನಿ.”

ಸಿಟ್ಟಿಲ್ಲದೆ ಹೇಳಿದ್ದಳು. ಅದೇ ಅವನಿಗೆ ಚುಚ್ಚಿತು. ಹೆಂಡತಿಯ ಮೇಲೆ ಅವನಿಗೆ ಬಹಳ ಪ್ರೀತಿ. ಅದು ಯಾವತ್ತೂ ಸರಿಯಾದ ಹೊತ್ತಿಗೆ ಮನೆ ತಲುಪುತ್ತಿರಲಿಲ್ಲ, ಅಷ್ಟೆ.

ಆಫೀಸಿನಲ್ಲಿ ಕೂತರೆ ಪಕ್ಕದ ಶೆಡ್ಡಿನ ಅರಳೆ ಬಿಡಿಸುವ ಮಷೀನು ಗುಂಯ್ ಎಂದು ಜೋಗುಳ ಹಾಡುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ನೋಡುತ್ತಾ ನೋಡುತ್ತಾ ಅದು ನೊರೆಯಾಯಿತು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು, ತಿರುಗಿ ನೋಡಿ ನಕ್ಕಳು. ದೊಡ್ಡದೊಂದು ಅಲೆ ಬಂತು. ಅಲೆಯ ಮೇಲೆ ಮೇಸ್ತ್ರಿ ಬಂದ.

“ಪ್ಲಾನಪ್ಪನೋರೆ, ನೀವಿಲ್ದಾಗ ಅರಳೆ ಸಾಕಾಗುತ್ತಾ?”

ಸಮುದ್ರದ ದಂಡೆಯಲ್ಲಿ ನಿಂತಾಗ ಇವನ ಫೋನ್ ಬಂದರೆ ಏನು ಗತಿ ಎಂದು ಪ್ಲಾನಪ್ಪನಿಗೆ ದಿಗಿಲಾಯಿತು. ಕಣ್ಣು ತೆರೆಯದೆ, ಸಿದ್ಧಾಂತ ಮರೆತು, “ಒಂದು ಮೂಟೆ ಹೆಚ್ಚಿಗೆ ತರ್ಸಿ. ಒಂದೇ ಒಂದು” ಎಂದ. ಮೇಸ್ತ್ರಿ ಹೋದ ಮೇಲೆ ಮತ್ತೆ ನೀರಿಗಿಳಿದ.

ಮಧ್ಯಾಹ್ನ ಊಟದ ಮೇಲೆ ಲಾರಿ ಹಾರ್ನ್ ಕೇಳಿಸಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪ್ಲಾನಪ್ಪ ಓಡಿಹೋಗಿ ನೋಡಿದರೆ ಗೋಡೌನು ಸೂರಿನ ತನಕ ತುಂಬುತ್ತಾ ಬಂದಿತ್ತು.

“ಏನ್ರೀ ಇದು? ಒಂದು ಮೂಟೆ ಅಂದಿದ್ದೆನಲ್ಲ!”

“ಪಾಪ, ಅಪರೂಪಕ್ಕೆ ರಜ ಹಾಕ್ತಿದೀರ, ತೊಂದರೆ ಆಗ್ಬಾರ್ದು ಅಂತ ನಾನು ಮೂರು ಅಂದೆ,” ಎಂದ ಮೇಸ್ತ್ರಿ.

ಸ್ಟೋರ್ ಕೀಪರ್ ತಲೆ ಕೆರೆದುಕೊಂಡ. ಅವನು ಪ್ಲಾನಪ್ಪನ ಪಕ್ಕದ ಮನೆಯವನು. ಕೇಳದೆ ಸಹಾಯ ಮಾಡುವುದು ಅವನ ಹುಟ್ಟುಗುಣ. “ಮೇಸ್ತ್ರಿ ಮೂರು ಅಂದ್ರೆ ಆರು ಬೇಕಾಗುತ್ತೆ ಅಂತ ಯಜಮಾನ್ರಿಗೆ ಫೋನ್ ಮಾಡಿದೆ. ಆದ್ರೆ ದೇವರಾಣೆಗೂ ಲಾರಿಗಟ್ಟಲೆ ಹೇಳಿಲ್ಲ!”

ತಲೆ ಮೇಲೆ ಕೈ ಹೊತ್ತು ಕೂರಲು ಹೊತ್ತಿರಲಿಲ್ಲ. ಹಾಸಿಗೆ ಹೊಲಿಗೆ ನಿಲ್ಲಿಸಿ, ಎಲ್ಲಾ ಮಷೀನಿನಲ್ಲೂ ದಿಂಬು ಮಾಡಿ, ಹಿಡಿದಷ್ಟು ತುಂಬಿ ಎಂದ ಪ್ಲಾನಪ್ಪ. ದಿಂಬುಗಳು ಕುಂಬಳಕಾಯಿಯಂತೆ ಉರುಳುರುಳಿ ಬಂದವು. ಮೂರನೆಯ ಸುತ್ತಿನಲ್ಲಿ ಅರಳೆ ಬಿಡಿಸುವ ಮಷೀನಿನ ಗಂಟಲು ಕಟ್ಟಿ, ಮುಚ್ಚಳ ಹಾರಿ, ಒಳಗಿದ್ದುದೆಲ್ಲ ಭುಸ್ಸೆಂದು ಹೊರಬಂತು.

ಆಮೇಲೆ ಕಾರ್ಖಾನೆಯಲ್ಲಿ ಸದ್ದೇ ಇಲ್ಲ. ಎಲ್ಲೆಲ್ಲೂ ಬಿಳಿ ಮುಗಿಲು. ಜನ ಒಬ್ಬರನ್ನೊಬ್ಬರು ತಡವಿಕೊಂಡು ನಿಧಾನವಾಗಿ ನಡೆದಾಡಿದರು. ಆ ಮುಗಿಲಿನೊಳಗಿಂದ ಬಿಳಿ ಹುಬ್ಬು, ಬಿಳಿ ಮೀಸೆಯ ಆಕಾರವೊಂದು ಬಂದು ಮೂಟೆಯ ಮೇಲೆ ಕೂತಿತು. ಯಜಮಾನರು! ಬೆಳಿಗ್ಗೆ ಅವರ ಮೀಸೆ ಕಪ್ಪಗಿತ್ತು.

“ಸರ್, ನಾನು ಕೇಳಿದ್ದು ಒಂದೇ ಮೂಟೆ,” ಎಂದ ಪ್ಲಾನಪ್ಪ. ಅಳು ಬರುವಂತಿತ್ತು.

ಯಜಮಾನರು ಮೀಸೆಯ ಅರಳೆ ಕೊಡವಿಕೊಂಡರು. ಆಮೇಲೆ ಮೆಲ್ಲಗೆ, “ಖಾಲಿ ಇರ್ಲಿ ಅಂದೋನು ನಾನೇ. ಆದ್ರೆ ನಿನ್ನೆ ಖಾಲಿ ಗೋಡೌನ್ ನೋಡಿ ಒಂಥರಾ ಹೆದರಿಕೆ ಆಯ್ತು ಕಣಯ್ಯ. ಸ್ಟೋರ್ ಕೀಪರ್ ಆರು ಅಂದಾಗ, ಎರಡು ಲಾರಿ ಕಳ್ಸು ಅಂತ ಅರಳೆ ವ್ಯಾಪಾರಿಗೆ ಹೇಳ್ಬಿಟ್ಟೆ” ಎಂದರು.

“ಬಂದಿದ್ದು ಮೂರು ಸರ್.”

“ಮೂರನೇದು ಆ ವ್ಯಾಪಾರಿ ಮುಂದಾಲೋಚನೆ ಇರ್ಬೇಕು. ಅರ್ಜಿ ಕೊಡು, ಸೈನ್ ಹಾಕ್ತೀನಿ. ಯಾರಿಗೂ ಹೇಳ್ಬೇಡ.”

ಪ್ಲಾನಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸ್ಟೋರ್ ಕೀಪರನ ಸ್ಕೂಟರಿನ ಹಿಂದೆ ಕೂತು ಹೊರಟ. ಇಬ್ಬರ ಮೈಯಿಂದಲೂ ಅರಳೆ ಉದುರಿ ಬೀದಿಯುದ್ದಕ್ಕೂ ಹಾರುತ್ತಿತ್ತು. ಮನೆ ಮುಂದೆ ಇಳಿದಾಗ ಬಸ್ಸಿಗೆ ಇನ್ನೂ ಸಮಯವಿತ್ತು. ಜೀವನದಲ್ಲಿ ಮೊದಲ ಸಲ ಸರಿಯಾದ ಹೊತ್ತಿಗೆ ಬಂದಿದ್ದ, ಅವನಿಗೇ ನಂಬಿಕೆಯಾಗಲಿಲ್ಲ.

ಹೆಂಡತಿ ಹಳೆಯ ಬಟ್ಟೆಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಚೀಲ ಇಲ್ಲ, ಪೆಟ್ಟಿಗೆ ಇಲ್ಲ. ಒಗೆದ ಬಟ್ಟೆ ಇನ್ನೂ ಹಗ್ಗದ ಮೇಲಿತ್ತು. ಅವಳು ಕಣ್ಣು ಕಣ್ಣು ಬಿಟ್ಟಳು.

“ಅಯ್ಯೋ, ಬಂದೇಬಿಟ್ರಾ?”

“ಹೊರಡು ಹೊರಡು, ಬಸ್ಸು!”

“ಬಸ್ಸು ನಾಳೆ ಸಂಜೆ ರೀ,” ಎಂದಳು ಅವಳು ಮೆಲ್ಲಗೆ. “ನಿಮಗೆ ಇವತ್ತು ಅಂತ ಹೇಳಿದ್ರೆ ನಾಳೆಗಾದ್ರೂ ಬರ್ತೀರ ಅಂತ ಒಂದು ದಿನ ಮುಂಚೆ ಹೇಳಿದ್ದೆ. ನೀವು ಇವತ್ತೇ ಬರ್ತೀರ ಅಂತ ಯಾರಿಗೆ ಗೊತ್ತಿತ್ತು?”

ಆದರೂ ಅವಳ ಮುಖ ಅರಳಿತ್ತು. ದಡಬಡ ಎದ್ದು ಹಗ್ಗದಿಂದ ಟವಲು ಎಳೆದು ಚೀಲಕ್ಕೆ ಮಡಚತೊಡಗಿದಳು. ನಾಳೆಯಾದರೇನು, ಇವಳ ಜೊತೆ ಹೋಗುವುದಂತೂ ಖಂಡಿತ ಎಂದುಕೊಂಡ ಪ್ಲಾನಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗೇಟಿನ ಹತ್ತಿರ ಸ್ಟೋರ್ ಕೀಪರ್ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದ.

“ಸರ್, ಒಳ್ಳೆ ಸುದ್ದಿ! ನಮ್ಮ ಪ್ಲಾನಪ್ಪನೋರು ನಾಳೆ ಊರಲ್ಲೇ ಇರ್ತಾರೆ... ಆಗ್ಲಿ ಸರ್, ಹೇಳ್ತೀನಿ.” ಫೋನ್ ಇಳಿಸಿ ಹಿಗ್ಗಿನಿಂದ ಕೂಗಿದ: “ಇವತ್ತಿನ ಸೈನ್ ಲೆಕ್ಕಕ್ಕಿಲ್ವಂತೆ, ಬೆಳಿಗ್ಗೆ ಬಂದು ಆ ಅರಳೆಗೊಂದು ದಾರಿ ಮಾಡ್ಬೇಕಂತೆ. ಸಂಜೆ ಯಜಮಾನ್ರು ಬರೋ ಹೊತ್ತಿಗೆ ಗೋಡೌನ್ ಖಾಲಿ ಇದ್ರೆ ರಜ ಕೊಡ್ತಾರಂತೆ!”

ಹೆಂಡತಿ ಅರ್ಧ ಮಡಚಿದ ಟವಲನ್ನು ಕೊಡವಿ ಮತ್ತೆ ಹಗ್ಗದ ಮೇಲೆ ಹರವಿದಳು.