ಕಾರನ್ನು ಹೊಗಳಿ ಕೆಟ್ಟೆ

"ಈ ಇನ್ಶೂರೆನ್ಸ್ ಕಂಪನಿಗೆ ಬುದ್ಧಿ ಕಲಿಸದಿದ್ದರೆ ನನ್ನ ಹೆಸರು ರಮಾಕಾಂತನೇ ಅಲ್ಲ!"

ವಿಶಾಖಪಟ್ಟಣದ ಮಧುರವಾಡದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ನಾನು ಹೀಗೆ ಘರ್ಜಿಸಿದಾಗ ಕೆಳಗೆ ತರಕಾರಿ ಮಾರುವವನು ತಕ್ಕಡಿ ಬಿಟ್ಟು ತಲೆ ಎತ್ತಿ ನೋಡಿದ. ಹೆಂಡತಿ ಗಿರಿಜಾ ಮಾತ್ರ ತಲೆ ಎತ್ತಲಿಲ್ಲ. ಅವಳು ಫೋನಿನಲ್ಲಿ ಹೊಸ ಕಾರಿನ ಬಣ್ಣಗಳನ್ನು ನೋಡುತ್ತಿದ್ದಳು.

ಹಳೆಯ ಕಾರು ಏನಾಯಿತು ಎಂದು ಕೇಳುತ್ತೀರಾ? ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟ ಮೇಲೆ ಲೋಕವೆಲ್ಲ ಗಾಡಿ ಸ್ಟಾರ್ಟ್ ಮಾಡಿ ಮುಂದೆ ಹಾಯಿಸುತ್ತದೆ. ನಮ್ಮ ಮನೆತನದ ಪದ್ಧತಿ ಬೇರೆ. ಪೂಜೆ ಮಾಡಿಸಿಕೊಂಡ ವಾಹನವನ್ನು ಭಕ್ತಿಯಿಂದ ಕೈಯಾರೆ ತಳ್ಳಬೇಕು. ನಮ್ಮ ತಂದೆ ಹೀಗೆಯೇ ಮಾಡುತ್ತಿದ್ದರು. ಅವರ ಬಳಿ ಇದ್ದದ್ದು ಸೈಕಲ್ಲು ಎಂಬುದು ಬೇರೆ ಮಾತು. ಹುಬ್ಬಳ್ಳಿಯಲ್ಲಿ ನಮ್ಮ ಓಣಿ ಸಪಾಟಾಗಿತ್ತು, ಪದ್ಧತಿ ಸಾಂಗವಾಗಿ ನಡೆದುಕೊಂಡು ಬಂತು. ಬ್ಯಾಂಕಿನವರು ವರ್ಗಾವಣೆ ಮಾಡಿ ವಿಶಾಖಪಟ್ಟಣಕ್ಕೆ ತಂದು ಹಾಕಿದ ಮೇಲೆ ಇದೇ ಮೊದಲ ಆಯುಧಪೂಜೆ. ಈ ಊರಿನ ರಸ್ತೆಗಳಿಗೆಲ್ಲ ಸಮುದ್ರ ನೋಡುವ ಆಸೆ, ಎಲ್ಲವೂ ಇಳಿಜಾರು! ನಾನು ಹ್ಯಾಂಡ್‌ಬ್ರೇಕ್ ಇಳಿಸಿ, ಗೇರು ನ್ಯೂಟ್ರಲ್ ಮಾಡಿ, "ಅಮ್ಮಾ ತಾಯಿ" ಎಂದು ಹಿಂದಿನಿಂದ ಒಂದು ಸಣ್ಣ ನೂಕು ಕೊಟ್ಟೆ.

ನಿಂಬೆಹಣ್ಣೇನೋ ಅಪ್ಪಚ್ಚಿಯಾಯಿತು. ಕಾರು ಮಾತ್ರ ನಿಲ್ಲಲಿಲ್ಲ. ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ನೇರವಾಗಿ ಹೋಗಿ ಓಣಿಯ ತುದಿಯಲ್ಲಿ ಹೊಸ ಕಟ್ಟಡದ ಪಾಯಕ್ಕೆಂದು ತೋಡಿದ ಗುಂಡಿಗೆ ಬಿತ್ತು. ಗುಂಡಿಯ ತುಂಬ ಮಳೆನೀರು. ಪುಣ್ಯಕ್ಕೆ ದಾರಿಯಲ್ಲಿ ಯಾರೂ ಇರಲಿಲ್ಲ. ನೋಡಲು ಥೇಟ್ ಗಣಪತಿ ಬಿಡುವ ದೃಶ್ಯ.

ಕಂಪನಿಯ ಸರ್ವೇಯರ್ ದುರ್ಗಾಪ್ರಸಾದ್ ಬಂದರು. ಕೆಸರು ಸೋರುತ್ತಿದ್ದ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಟೋಟಲ್ ಲಾಸ್ ಅಂಡಿ" ಎಂದು ತೆಲುಗಿನ ಮರ್ಯಾದೆ ಸೇರಿಸಿ ಹೇಳಿದರು. ಅಂದರೆ ರಿಪೇರಿಯ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಹೋಗುತ್ತದೆ, ಆದ್ದರಿಂದ ಕಂಪನಿ ಪಾಲಿಸಿಯಲ್ಲಿ ಬರೆದ ಬೆಲೆಯನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೊನೆಯಲ್ಲಿ, ಗಾಡಿ ಮೊದಲೇ ಸವೆದಿತ್ತು ಎಂದು ಷರಾ ಬರೆದು ಇಪ್ಪತ್ತು ಸಾವಿರ ಕಡಿದುಬಿಟ್ಟರು.

ಸವೆದಿತ್ತೇ? ನನ್ನ ಕಾರೇ? ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಕೊಟ್ಟಷ್ಟು ತಗೊಂಡು ಸುಮ್ನಿರ್ರಿ," ಎಂದಳು ಗಿರಿಜಾ. "ಶೋರೂಮಿನವರು ದೀಪಾವಳಿ ತನಕಾ ಅಷ್ಟ ಬುಕಿಂಗ್ ಹಿಡಿದಿಡ್ತೀವಿ ಅಂದಾರ."

ಅವಳ ಅವಸರಕ್ಕೆ ಕಾರಣವಿತ್ತು. ಅವಳಿಗೆ ಊರಾಚೆಯ ಭೀಮಿಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸನ್ನೂ ತಂದಿದ್ದಳು. ನಾನು ಮಾತ್ರ ಕೀಲಿ ಕೊಟ್ಟವನಲ್ಲ. ಗಾಡಿ ಹಳೆಯದು, ಮೂರನೇ ಗೇರಿಗೆ ಮುನಿಸು, ಬ್ರೇಕಿಗೆ ನನ್ನ ಕಾಲೇ ಬೇಕು ಎಂದು ಸಾಗಹಾಕುತ್ತಿದ್ದೆ. ಈಗ ವಿಮೆಯ ಹಣಕ್ಕೆ ತನ್ನ ಉಳಿತಾಯ ಸೇರಿಸಿ ಅವಳೇ ಒಂದು ಪುಟ್ಟ ಕಾರನ್ನು ಬುಕ್ ಮಾಡಿದ್ದಳು. ಜೀವನದಲ್ಲಿ ಮೊದಲ ಬಾರಿ ಅವಳದೇ ಹೆಸರಿನ ಕಾರು.

ಆದರೆ ಸ್ವಾಭಿಮಾನ ಎಂಬುದೊಂದಿದೆಯಲ್ಲ! ಬ್ಯಾಂಕಿನಲ್ಲಿ ನನ್ನದು ಸಾಲದ ವಿಭಾಗ. ಎಂಥ ಮುರುಕು ರೈಸ್ ಮಿಲ್ಲನ್ನೂ ನನ್ನ ಟಿಪ್ಪಣಿಯಲ್ಲಿ ಓದಿದರೆ ಅರಮನೆಯಂತೆ ಕಾಣಬೇಕು, ಅದು ನನ್ನ ಲೇಖನಿಯ ತಾಕತ್ತು. ಆ ಲೇಖನಿಯನ್ನು ಕಾರಿನ ಮೇಲೆ ಪ್ರಯೋಗಿಸಿದೆ. ಇಂಜಿನ್ನಿನದು ತಂಬೂರಿಯ ಶ್ರುತಿ, ಗೇರು ಬೆಣ್ಣೆ, ಬ್ರೇಕು ವಜ್ರ! ಆರು ಪುಟ ಬರೆದು ಕೊನೆಗೆ ದೊಡ್ಡದಾಗಿ ಸಹಿ ಮಾಡಿದೆ. ಸಾಲದ್ದಕ್ಕೆ ಮೆಕ್ಯಾನಿಕ್ ಬಾಬ್ಜಿಯ ಬೆನ್ನು ಹತ್ತಿ, ಇಂಜಿನ್ನಿಗೆ ಹನಿ ನೀರೂ ಇಳಿದಿಲ್ಲ, ಇಂಥ ಗಟ್ಟಿ ಗಾಡಿಯನ್ನು ಅರ್ಧ ಖರ್ಚಿನಲ್ಲಿ ಎಬ್ಬಿಸಬಹುದು ಎಂದು ಅವನ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಂಡೆ. ಬಾಬ್ಜಿ ತಲೆ ಕೆರೆದುಕೊಂಡು, ಇದೆಲ್ಲ ಯಾಕೆ ಸಾರ್ ಎಂದು ಕೇಳಿದ. ಅವನಿಗೇನು ಗೊತ್ತು ನನ್ನ ವ್ಯೂಹ!

ಕಂಪನಿಯ ದೊಡ್ಡ ಆಫೀಸು ವಿಜಯವಾಡದಲ್ಲಿ. ಎರಡನ್ನೂ ಅಲ್ಲಿಗೆ ಕಳಿಸಿದೆ, ವಾರದೊಳಗೆ ಬಂದು ಕಾಣಿರೆಂದು ಕರೆ ಬಂತು. ಬೆಳಗಿನ ರೈಲು ಹಿಡಿದೆ. ಊರಿನ ಹೆಸರಲ್ಲೇ ವಿಜಯವಿದೆ, ವಾದವಂತೂ ನನ್ನ ಬಳಿ ಧಾರಾಳವಾಗಿದೆ ಎಂದು ಒಳಗೊಳಗೇ ನಕ್ಕೆ. ಇಂದ್ರಕೀಲಾದ್ರಿ ಹತ್ತಿ ದುರ್ಗಮ್ಮನಿಗೆ ಕೈಮುಗಿದು, ಕೆಂಪು ಕುಂಕುಮದ ಹಣೆಯೊಂದಿಗೆ ಕಂಪನಿಯೊಳಗೆ ಕಾಲಿಟ್ಟೆ.

ಮ್ಯಾನೇಜರ್ ಮಾಧವೀಲತಾ ನನ್ನ ಹರಕು ತೆಲುಗನ್ನು ಎರಡು ವಾಕ್ಯ ಸಹಿಸಿಕೊಂಡು, ತಮ್ಮ ತಾಯಿ ಬಳ್ಳಾರಿಯವರೆಂದು ಹೇಳಿ ಕನ್ನಡಕ್ಕೆ ತಿರುಗಿದರು. "ನಿಮ್ಮ ಪತ್ರ ಪೂರ್ತಿ ಓದಿದೀನಂಡಿ. ನೀವು ಹೇಳಿದ್ದೇ ಕರೆಕ್ಟು. ನಮ್ಮ ಸರ್ವೇಯರದೇ ತಪ್ಪು."

ನಾನು ಕುರ್ಚಿಯಲ್ಲೇ ಎರಡಂಗುಲ ಬೆಳೆದೆ.

"ಇಂಥಾ ಗಾಡೀನ ಟೋಟಲ್ ಲಾಸ್ ಅಂತ ಬರೆಯೋದು ಅನ್ಯಾಯ ಅಂಡಿ. ಅರ್ಧ ಖರ್ಚಿಗೆ ರಿಪೇರಿ ಆಗತ್ತಂತ ನಿಮ್ಮ ಮೆಕ್ಯಾನಿಕ್ಕೇ ಬರೆದಿದ್ದಾರೆ. ನಮ್ಮವರ ಕೈಲೂ ಇನ್ನೊಂದ್ಸಲ ನೋಡಿಸಿದ್ವಿ, ಹೌದು ಅಂದ್ರು. ಟೋಟಲ್ ಲಾಸ್ ಕ್ಯಾನ್ಸಲ್ ಮಾಡಿದೀವಿ. ರಿಪೇರಿ ಮಾಡ್ಸಿ ನಿಮ್ಮ ಗಾಡಿ ನಿಮಗೇ ಕೊಟ್ಬಿಡ್ತೀವಿ."

ಬೆಳೆದ ಎರಡಂಗುಲದ ಜೊತೆಗೆ ಇನ್ನೂ ನಾಲ್ಕಂಗುಲ ಕುಸಿದೆ. ದೀಪಾವಳಿ, ಬುಕಿಂಗು, ಗಿರಿಜಾ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಮರ್ಯಾದೆ ಬದಿಗಿಟ್ಟು ಗೋಗರೆದೆ. ಮೇಡಂ, ಅದು ಕಾರಲ್ಲ, ಗುಜರಿ. ಮೂರನೇ ಗೇರು ಬೀಳುವುದಿಲ್ಲ. ಎಸಿಯಿಂದ ಬಿಸಿಗಾಳಿ ಬರುತ್ತದೆ. ಎಡಗಡೆಯ ಗಾಜನ್ನು ಇಬ್ಬರು ಹಿಡಿದು ಎತ್ತಬೇಕು. ದಯವಿಟ್ಟು ಸವೆದ ಗಾಡಿ ಎಂದೇ ಬರೆದುಕೊಳ್ಳಿ, ನಲವತ್ತು ಸಾವಿರ ಬೇಕಾದರೂ ಕಡಿಯಿರಿ!

ಮಾಧವೀಲತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರೆ ಈ ಆರು ಪುಟ ಸುಳ್ಳಾ ಅಂಡಿ? ಕ್ಲೇಮಲ್ಲಿ ಸುಳ್ಳು ಬರೆದ್ರೆ ಪೂರಾ ಕ್ಲೇಮೇ ಹೋಗತ್ತೆ. ಬ್ಯಾಂಕ್ ಆಫೀಸರು, ನಿಮಗೆ ನಾನು ಹೇಳಬೇಕಾ?"

"ಪ್ರತಿ ಅಕ್ಷರವೂ ನಿಜ ಮೇಡಂ," ಎಂದೆ. ರಿಪೇರಿಗೆ ಒಪ್ಪಿಗೆ ಎಂದು ಸಹಿ ಹಾಕಿ ಎದ್ದುಬಂದೆ.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದೆ. ಗಿರಿಜಾ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಫೋನು ತೆಗೆದು ಶೋರೂಮಿನವರಿಗೆ ಬುಕಿಂಗ್ ಬೇಡವೆಂದು ಮೆಲ್ಲನೆ ಹೇಳಿ ಒಳಗೆ ಹೋದಳು. ಅವಳ ಮುಖ ನೋಡಿ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ದೀಪಾವಳಿ ಕಳೆದ ಮೇಲೆ ಕಾರು ಬಂತು. ಕಂಪನಿಯವರು ಕೆಸರು ಹೊಕ್ಕಿದೆಯೆಂದು ಹೊಸ ಗೇರು, ಹೊಸ ಬ್ರೇಕು ಎಲ್ಲ ಕೂಡಿಸಿ ಕಳಿಸಿದ್ದರು. ಎಸಿಯಿಂದ ತಣ್ಣನೆಯ ಗಾಳಿ ಬಂದಾಗ ನನಗೇ ನಂಬಲಾಗಲಿಲ್ಲ. ನಾಳೆ ಬ್ಯಾಂಕಿಗೆ ಇದರಲ್ಲೇ ಠೀವಿಯಿಂದ ಹೋಗುವುದೆಂದು ಹಿಗ್ಗುತ್ತಿರುವಾಗ ಗಿರಿಜಾ ಬಂದು ಅಂಗೈ ಚಾಚಿದಳು.

"ಕೀಲಿ ಕೊಡ್ರಿ."

"ಯಾಕ?"

"ಗಾಡಿ ಸರಿ ಇಲ್ಲಂತ ಇಷ್ಟ ದಿನಾ ನನಗ ಕೊಡಲಿಲ್ಲ. ಈಗ ಭಾಳ ಛಲೋ ಅದ ಅಂತ ನೀವ ಆರು ಪುಟ ಬರದು ಸಹಿ ಮಾಡೀರಿ. ಇನ್ನೇನು ಅಡ್ಡಿ?"

ಕೀಲಿ ಕೊಟ್ಟೆ.

ಅಂದಿನಿಂದ ಅವಳು ಕಾರಿನಲ್ಲಿ ಭೀಮಿಲಿಗೆ, ನಾನು ಬಸ್ಸಿನಲ್ಲಿ ಬ್ಯಾಂಕಿಗೆ. ಮೊನ್ನೆ ಭಾನುವಾರ ದೊಡ್ಡ ಮನಸ್ಸು ಮಾಡಿ ನನ್ನನ್ನೂ ಕೂರಿಸಿಕೊಂಡು ಬೀಚ್ ರೋಡಿಗೆ ಹೊರಟಳು. ಕಾರು ಅವಳ ಕೈಯಲ್ಲಿ ಹೂವಿನಂತೆ ಸಾಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಮೂರನೇ ಗೇರಿನ ಬಗ್ಗೆ ಒಂದು ಸಲಹೆ ಕೊಡೋಣವೆಂದು ಗಂಟಲು ಸರಿಪಡಿಸಿಕೊಂಡೆ. ಗಿರಿಜಾ ರಸ್ತೆಯಿಂದ ಕಣ್ಣು ಕೀಳದೆ ಹೇಳಿದಳು:

"ಈ ಗಾಡಿ ಬಗ್ಗೆ ಏನರ ಹೇಳೂದಿದ್ರ ಪತ್ರ ಬರೀರಿ. ನಿಮ್ಮ ಪತ್ರದಿಂದ ನನಗ ಛಲೋನ ಆಗ್ತದ."