ಅಂಟು ಗುಗ್ಗೆಯ ಆದಿಪುರುಷ

ನನ್ನ ಕಿವಿಯ ಗುಗ್ಗೆ ಎಷ್ಟು ಅಂಟೆಂದರೆ, ಹೋದ ವರ್ಷದ ಬಿರುಗಾಳಿಗೆ ಜಪಾನಿನ ಅಂಚಿನ ನಮ್ಮ ಗೋತೊ ದ್ವೀಪ ಚೀನಾ ಕಡೆ ತೇಲಿಹೋಗದಂತೆ ಹಿಡಿದು ನಿಲ್ಲಿಸಿದ್ದೇ ಅದು. ಊರಿಗೆಲ್ಲ ಒಬ್ಬನೇ ಕ್ಷೌರಿಕ ನಾನು. ಕೂದಲಿನ ಜೊತೆಗೆ ಎಲ್ಲರ ಕಿವಿಯನ್ನೂ ಚೊಕ್ಕಟ ಮಾಡುವವನು. ನನ್ನ ಮಾತು ನಂಬಲೇಬೇಕು.

ಅಂಟು ಗುಗ್ಗೆಯವರು ಸಾವಿರಾರು ವರ್ಷ ಹಿಂದಿನ ಜೋಮೋನ್ ಬೇಟೆಗಾರರ ಕುಲ, ಒಣ ಗುಗ್ಗೆಯವರು ಆಮೇಲೆ ಭತ್ತ ಹೊತ್ತು ದೋಣಿಯಲ್ಲಿ ಬಂದವರ ಕುಲ ಎಂಬುದು ಪಂಡಿತರ ಅಂದಾಜು. ಅದನ್ನು ಪರೀಕ್ಷಿಸಲು ಪ್ರೊಫೆಸರಮ್ಮ ಹಿರೂಮಾ ಅಂದು ಮಧ್ಯಾಹ್ನ ಬರುವವರಿದ್ದರು. ಯಾರ ಗುಗ್ಗೆ ಅಪ್ಪಟ ಅಂಟೋ ಅವರ ಮುಖವೇ ಊರ ಮ್ಯೂಸಿಯಮ್ಮಿನ ಆದಿಪುರುಷನ ಬೊಂಬೆಗೆ. ನಮ್ಮೂರ ಇಸೋಕಿಚಿ ಆ ಬೊಂಬೆಗೆಂದೇ ಆರು ತಿಂಗಳಿಂದ ಗಡ್ಡ ಬಿಟ್ಟಿದ್ದ. ಒಸಾಕಾದಿಂದ ಬಂದ ಹೆಂಡತಿ ನಾಮಿಯೆಯನ್ನಂತೂ ಮೂವತ್ತು ವರ್ಷದಿಂದ 'ದೋಣಿಯವಳೇ' ಎಂದೇ ಕರೆಯುತ್ತಿದ್ದ.

ಬೆಳಿಗ್ಗೆ ಜಗಲಿಯಲ್ಲಿ ನಾಮಿಯೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿದಿರು ಕಡ್ಡಿಯಿಂದ ಕಿವಿ ಕೆದಕಿದಳು. ಬಂದದ್ದು ಒಣ ಹೊಟ್ಟು! ಗಾಳಿಗೆ ಹಾರಿಯೇಹೋಯಿತು. ಬೇಲಿಯಾಚೆ ಪಕ್ಕದ ಮನೆಯ ತೊಮೆ ಅಜ್ಜಿಯ ಕತ್ತು ಕೊಕ್ಕರೆಯಂತೆ ಉದ್ದವಾಯಿತು.

"ಏನೋ ಅದು ಹಾರಿದ್ದು?"

"ಚಿಟ್ಟೆ ಅಜ್ಜಿ!"

"ಕಿವಿಯಿಂದ ಹೊರಡೋ ಚಿಟ್ಟೇನ ಈಗಲೇ ನೋಡಿದ್ದಪ್ಪಾ!"

ಇಸೋಕಿಚಿ ನನ್ನ ಅಂಗಡಿಗೆ ಓಡಿಬಂದ. ದಾರಿಯುದ್ದಕ್ಕೂ ಜನ ತನ್ನ ಕಿವಿಯನ್ನೇ ದುರುಗುಟ್ಟಿ ನೋಡಿದರಂತೆ.

"ಬಾಗ್ಲು ಹಾಕು ಮಾರಾಯ. ನಿನ್ ಕಿವೀದು ಒಂಚೂರು ಕೊಡು. ಯಾರ್ಗೂ ಹೇಳ್ಬೇಡ!"

ನಾನು ಉದಾರಿ. ಪರದೆಯ ಹಿಂದೆ ಹೋಗಿ ಹತ್ತಿಕಡ್ಡಿಗೆ ಮೆತ್ತಿ ತಂದುಕೊಟ್ಟೆ.

ಮಧ್ಯಾಹ್ನ ಸಭಾಭವನದಲ್ಲಿ ಪ್ರೊಫೆಸರಮ್ಮ ಎಲ್ಲರಿಗೂ ಹತ್ತಿಕಡ್ಡಿ ಹಂಚಿದರು. ನಮ್ಮದು ಮರ್ಯಾದಸ್ಥರ ಊರು. ಒಬ್ಬರೆದುರು ಒಬ್ಬರು ಕಿವಿ ಕೆದಕುವುದುಂಟೇ? ನನ್ನೊಬ್ಬನನ್ನು ಬಿಟ್ಟು ಹದಿನೇಳು ಜನವೂ ಗೋಡೆಗೆ ಮುಖ ಮಾಡಿ ನಿಂತರು. ಇಸೋಕಿಚಿ ಅಂಗಿಯ ತೋಳಿನೊಳಗೆ ಬಚ್ಚಿಟ್ಟಿದ್ದ ನನ್ನ ಕಡ್ಡಿಯನ್ನು ಬದಲಿಸಿ ಕೊಟ್ಟ.

ಪ್ರೊಫೆಸರಮ್ಮ ಮೊದಲ ಕಡ್ಡಿ ಮೂಸಿದರು. ಎರಡನೆಯದು. ಹತ್ತನೆಯದು. ಹದಿನಾರನೆಯದು.

"ಇದೇನ್ರೀ, ಹದಿನಾರು ಕಿವೀಲೂ ತಲೆಗೆ ಹಚ್ಚೋ ಕ್ಯಾಮೆಲಿಯಾ ಎಣ್ಣೆ?"

"ಅಜ್ಜೀ, ನೀನೂನಾ?" ಎಂದ ಇಸೋಕಿಚಿ.

"ನಿನಗಿಂತ ಮುಂಚೇನೇ ಅಂಗಡಿಗೆ ಹೋಗಿದ್ದೆ ಕಣೋ!"

ಉಳಿದ ಹದಿನೇಳನೆಯ ಕಡ್ಡಿಯಲ್ಲಿ ಅಪ್ಪಟ ಅಂಟು. ಅದು ಟೀ ಹಂಚಲು ಬಂದು, ಕೈಗೆ ಕೊಟ್ಟರೆಂದು ತಾನೂ ಕಿವಿಯಲ್ಲಿ ಕಡ್ಡಿ ತಿರುವಿದ್ದ ನಾಮಿಯೆಯದು! ಬೊಂಬೆಗೆ ಅವಳದೇ ಮುಖವೆಂದು ಅಲ್ಲೇ ತೀರ್ಮಾನವಾಯಿತು.

ನಾಮಿಯೆ ಕುರ್ಚಿಯಲ್ಲಿ ಕುಳಿತು ಗಂಡನ ಕಡೆ ಟೀ ತಟ್ಟೆ ಚಾಚಿದಳು.

"ರೀ, ದೋಣಿಯವ್ರೇ, ಎಲ್ರಿಗೂ ಇನ್ನೊಂದ್ ಲೋಟ ಟೀ ಕೊಡಿ."

ಅಷ್ಟರಲ್ಲಿ ಪ್ರೊಫೆಸರಮ್ಮ, ಎಣ್ಣೆ ಕ್ಷೌರದಂಗಡಿಯದೆಂದು ಹೊಳೆದು, ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದ್ದರು. ಇನ್ನು ಮುಚ್ಚಿಟ್ಟು ಫಲವಿಲ್ಲ. ನಾನು ಅವರಿಗೆಲ್ಲ ಕೊಟ್ಟದ್ದು ಎಣ್ಣೆಗೆ ಎರಡು ತೊಟ್ಟು ಸೋಯಾ ಸಾಸ್ ಕಲಸಿದ್ದು. ನನ್ನದೂ ಒಣ ಹೊಟ್ಟೇ. ದ್ವೀಪವೂ ತಾನಾಗಿಯೇ ನಿಂತಿತ್ತು.